ಬ್ಯಾಟರಿ ಕೈಕೊಟ್ಟಾಗ ಬೋಟಿನ ಎಂಜಿನ್ ಸ್ಟಾರ್ಟ್ ಮಾಡೋದು ಹೇಗೆ?

ಹೋದ ತಿಂಗಳ ಅಂಕಣದಲ್ಲಿ ಒಂದು ಮಾತು ಬರೆದಿದ್ದೆ. ಹಳೆಯ ಡೀಸೆಲ್ ಎಂಜಿನ್‌ಗೆ ಓಡೋದಕ್ಕೆ ಕರೆಂಟ್ ಬೇಕಿಲ್ಲ, ಎಬ್ಬಿಸೋದಕ್ಕೆ ಮಾತ್ರ ನಾವು ಕರೆಂಟಿನ ಅಭ್ಯಾಸ ಮಾಡಿಕೊಂಡಿದ್ದೇವೆ ಅಂತ. ಆ ಒಂದು ಸಾಲಿಗೆ ಇಷ್ಟು ಪತ್ರ ಬರುತ್ತವೆ ಅಂದುಕೊಂಡಿರಲಿಲ್ಲ. ಹೊಸದಾಗಿ ಓದುವವರಿಗೆ ಹೇಳಿಬಿಡುತ್ತೇನೆ: ನಾನು ಗಂಗೊಳ್ಳಿಯ ಒಂದು ಬೋಟ್ ವರ್ಕ್‌ಶಾಪಿನಲ್ಲಿ ಹುಡುಗನಾಗಿ ಪಾನ (ಸ್ಪ್ಯಾನರ್) ಹಿಡಿದವನು. ಆಮೇಲೆ ಡಿಪ್ಲೊಮಾ ಮಾಡಿ, 29 ವರ್ಷ ಹಡಗಿನ ಎಂಜಿನ್ ರೂಮಿನಲ್ಲಿ ದುಡಿದು, ಸೆಕೆಂಡ್ ಎಂಜಿನಿಯರ್ ಆಗಿ ನಿವೃತ್ತನಾದೆ. ಈ ಸಲ ಪೂರ್ತಿ ಅಂಕಣ ಇದೇ ವಿಷಯಕ್ಕೆ.

ಪ್ರಶ್ನೆ: ನಮ್ಮದು ಸಣ್ಣ ಮೀನುಗಾರಿಕೆ ಬೋಟು. ತಂದೆಯ ಕಾಲದ ಎರಡು ಸಿಲಿಂಡರಿನ ಎಂಜಿನ್. ಜೂನ್, ಜುಲೈ ರಜೆ ಮುಗಿದು ಆಗಸ್ಟ್‌ನಲ್ಲಿ ಸೆಲ್ಫ್ ಹೊಡೆದರೆ ಬರೀ ಕಟ್ ಕಟ್ ಸದ್ದು. ಬ್ಯಾಟರಿ ಪೂರ್ತಿ ಇಳಿದಿತ್ತು. ಎಂಜಿನ್ ಮುಂದೆ ಹ್ಯಾಂಡಲ್ ಹಾಕುವ ಜಾಗ ಇದೆ, ಮೇಲೆ ಎರಡು ಚಿಕ್ಕ ಲಿವರ್ ಇವೆ. ತಂದೆ ಹ್ಯಾಂಡಲ್ ಹೊಡೆಯುತ್ತಿದ್ದರು. ಈಗ ಅವರಿಲ್ಲ. ನಾನು ಹಾಕಿ ತಿರುಗಿಸಿದೆ, ಅರ್ಧ ಸುತ್ತೂ ಬರಲಿಲ್ಲ. ಸರಿಯಾದ ಕ್ರಮ ಹೇಳಿಕೊಡುತ್ತೀರಾ? — ಹೊನ್ನಾವರದ ಓದುಗರು

ಉತ್ತರ: ಆ ಎರಡು ಲಿವರ್ ಇನ್ನೂ ಇವೆ ಅಂದರೆ ಅರ್ಧ ಕೆಲಸ ಆದ ಹಾಗೆ. ಅವು ಡಿಕಂಪ್ರೆಷನ್ ಲಿವರ್. ಎತ್ತಿದರೆ ಸಿಲಿಂಡರಿನ ವಾಲ್ವ್ ಸ್ವಲ್ಪ ತೆರೆದೇ ನಿಲ್ಲುತ್ತದೆ, ಒಳಗಿನ ಗಾಳಿ ಹೊರಗೆ ಹೋಗುತ್ತದೆ, ಹ್ಯಾಂಡಲ್ ಹಗುರವಾಗುತ್ತದೆ. ನಿಮಗೆ ಅರ್ಧ ಸುತ್ತು ಬರಲಿಲ್ಲ ಅಂದರೆ ಬಹುಶಃ ಲಿವರ್ ಎತ್ತದೆ ತಿರುಗಿಸಿದ್ದೀರಿ. ಅದು ಯಾರಿಂದಲೂ ಆಗುವ ಕೆಲಸ ಅಲ್ಲ, ನಿಮ್ಮ ತಂದೆಯಿಂದಲೂ ಆಗುತ್ತಿರಲಿಲ್ಲ.

ಮೊದಲು ಎಂಜಿನ್ ಒಳಗೆ ಏನಾಗಬೇಕು ಅಂತ ತಿಳಿದುಕೊಳ್ಳಿ. ಡೀಸೆಲ್ ಎಂಜಿನ್‌ನಲ್ಲಿ ಕಿಡಿ ಇಲ್ಲ. ಪಿಸ್ಟನ್ ಮೇಲೆ ಬಂದು ಗಾಳಿಯನ್ನು ಅದರ ಜಾಗದ ಹದಿನಾರನೇ ಒಂದು, ಇಪ್ಪತ್ತನೇ ಒಂದು ಪಾಲಿಗೆ ಅದುಮುತ್ತದೆ. ಸೈಕಲ್ಲಿಗೆ ಗಾಳಿ ಹೊಡೆದರೆ ಪಂಪಿನ ತುದಿ ಬಿಸಿಯಾಗುತ್ತದಲ್ಲ, ಅದೇ ಲೆಕ್ಕ. ಚೆನ್ನಾಗಿರುವ ಎಂಜಿನ್‌ನಲ್ಲಿ ಆ ಗಾಳಿ 500 ಡಿಗ್ರಿ ದಾಟುತ್ತದೆ. ಡೀಸೆಲ್ ತಾನಾಗಿ ಹೊತ್ತಿಕೊಳ್ಳೋದಕ್ಕೆ 200ರ ಮೇಲೆ ಸ್ವಲ್ಪ ಇದ್ದರೆ ಸಾಕು. ಹಾಗಾದರೆ ತೊಂದರೆ ಎಲ್ಲಿ? ನಿಧಾನ ತಿರುಗಿಸಿದರೆ ಆ ಬಿಸಿಯನ್ನೆಲ್ಲ ತಣ್ಣಗಿರುವ ಕಬ್ಬಿಣ ಎಳೆದುಕೊಳ್ಳುತ್ತದೆ. ಗಾಳಿಯೂ ಪಿಸ್ಟನ್ ಸುತ್ತಲಿನ ರಿಂಗಿನ ಸಂದಿಯಲ್ಲಿ ಜಾರಿಹೋಗುತ್ತದೆ. ಅದಕ್ಕೇ ವೇಗ ಬೇಕು. ಎಂಜಿನ್ ನೋಡಿಕೊಂಡು ನಿಮಿಷಕ್ಕೆ 80ರಿಂದ 150 ಸುತ್ತು. ಆ ವೇಗವನ್ನು ಬ್ಯಾಟರಿ ಕೊಡಲಿ, ಕೈ ಕೊಡಲಿ, ಎಂಜಿನ್‌ಗೆ ವ್ಯತ್ಯಾಸ ಗೊತ್ತಾಗುವುದಿಲ್ಲ.

ನಮ್ಮ ಕರಾವಳಿಯಲ್ಲಿ ಚಳಿ ದೊಡ್ಡ ಸಮಸ್ಯೆ ಅಲ್ಲ. 61 ದಿನ ಎಂಜಿನ್ ಸುಮ್ನೆ ನಿಲ್ಲುತ್ತದಲ್ಲ, ಅದೇ ಸಮಸ್ಯೆ. ಸಿಲಿಂಡರ್ ಗೋಡೆಯ ಎಣ್ಣೆಯೆಲ್ಲ ಇಳಿದುಹೋಗಿರುತ್ತದೆ. ಹೊಗೆ ಪೈಪಿನ ಬಾಯಿಂದ ಮಳೆನೀರು ಇಳಿದಿರುತ್ತದೆ. ನಮ್ಮ ವರ್ಕ್‌ಶಾಪಿನಲ್ಲಿ ಮೇ ಕೊನೆಗೆ ಪ್ರತಿ ಬೋಟಿನ ಹೊಗೆ ಪೈಪಿಗೂ ಒಂದು ತೆಂಗಿನ ಕರಟ ಕವುಚಿ, ಮೇಲೆ ರಬ್ಬರ್ ಪಟ್ಟಿ ಸುತ್ತುತ್ತಿದ್ದೆವು. ಆ ಕರಟ ಮರೆತ ಎಂಜಿನ್ ಆಗಸ್ಟ್‌ನಲ್ಲಿ ಬಿಚ್ಚಲೇಬೇಕಾಗುತ್ತಿತ್ತು.

ಈಗ ಕೆಲಸಕ್ಕೆ ಬನ್ನಿ. ಎರಡೂ ಲಿವರ್ ಎತ್ತಿ, ಡೀಸೆಲ್ ಬಂದ್ ಇಟ್ಟು, ಎರಡು ಮೂರು ಸುತ್ತು ಮೆಲ್ಲಗೆ ತಿರುಗಿಸಿ. ಎಲ್ಲಾದರೂ ಗಟ್ಟಿಯಾಗಿ ನಿಂತರೆ ಬಲ ಹಾಕಬೇಡಿ. ಒಳಗೆ ನೀರಿರಬಹುದು. ನೀರು ಅದುಮಿದರೆ ಅಡಕವಾಗುವ ವಸ್ತು ಅಲ್ಲ, ಕನೆಕ್ಟಿಂಗ್ ರಾಡ್ ಬಗ್ಗುತ್ತದೆ. ಸಿಲಿಂಡರಿಗೆ ಡೀಸೆಲ್ ಚಿಮ್ಮಿಸುವ ಇಂಜೆಕ್ಟರ್ ಬಿಚ್ಚಿ ತಿರುಗಿಸಿ ನೋಡಿದರೆ ನೀರಿದ್ದರೆ ಚಿಮ್ಮುತ್ತದೆ.

ಸಲೀಸಾಗಿ ತಿರುಗಿತು ಅಂದರೆ ಡೀಸೆಲ್ ಲೈನಿನ ಏರ್ ತೆಗೆಯಿರಿ. ಕೈಯಲ್ಲಿ ಸ್ಟಾರ್ಟ್ ಆಗದ ಎಂಜಿನ್‌ಗಳಲ್ಲಿ ಜಾಸ್ತಿ ಪಾಲು ಇಲ್ಲೇ ಸಿಕ್ಕಿಹಾಕಿಕೊಳ್ಳುವುದನ್ನು ನಾನು ನೋಡಿದ್ದೇನೆ. ಫಿಲ್ಟರ್ ಅಡಿಯ ತಿರುಪು ಸಡಿಲಿಸಿ ನೀರು ಬಸಿಯಿರಿ. ಆಮೇಲೆ ಫಿಲ್ಟರಿನ ತಲೆಯ ತಿರುಪು ಸಡಿಲಿಸಿ, ಫೀಡ್ ಪಂಪಿನ ಕೈ ಲಿವರ್ ಒತ್ತುತ್ತಾ ಹೋಗಿ. ಮೊದಲು ನೊರೆ ಬರುತ್ತದೆ, ಆಮೇಲೆ ಗುಳ್ಳೆ, ಆಮೇಲೆ ಬರೀ ಡೀಸೆಲ್. ಆಗ ಬಿಗಿ ಮಾಡಿ. ಪಂಪಿನ ತಿರುಪಿಗೂ ಇದೇ ಕ್ರಮ, ಕೊನೆಗೆ ಇಂಜೆಕ್ಟರ್ ನಟ್ಟಿಗೆ. ಎಲ್ಲ ಬಿಗಿ ಮಾಡಿದ ಮೇಲೆ ಲಿವರ್ ಎತ್ತಿಟ್ಟು, ಡೀಸೆಲ್ ತೆರೆದು, ಮೆಲ್ಲಗೆ ಹ್ಯಾಂಡಲ್ ತಿರುಗಿಸುತ್ತಾ ಕಿವಿ ಕೊಡಿ. ಇಂಜೆಕ್ಟರ್ 'ಕಿರ್ರ್' ಅನ್ನಬೇಕು. ಒಣ ಬಾಗಿಲು ತೆರೆದ ಹಾಗೆ ಚಿಕ್ಕ ಸದ್ದು. ಎರಡು ಸಿಲಿಂಡರಿನಿಂದಲೂ ಕೇಳಿಸಬೇಕು. ಕೇಳಿಸದಿದ್ದರೆ ಹ್ಯಾಂಡಲ್ ಕೆಳಗಿಡಿ, ಮತ್ತೆ ಏರ್ ತೆಗೆಯಿರಿ. ಆ ಸದ್ದು ಬರುವ ತನಕ ಸುಮ್ನೆ ಹೊಡೆದರೆ ಬೆವರು ಮಾತ್ರ. ಹಾಗಂತ ಕಿರ್ರ್ ಕೇಳುತ್ತಾ ತಿರುಗಿಸುತ್ತಲೇ ಇರಬೇಡಿ, ಒಳಗೆ ಡೀಸೆಲ್ ತುಂಬುತ್ತದೆ.

ಎರಡು ತಿಂಗಳು ನಿಂತ ಎಂಜಿನ್‌ಗೆ ಇನ್ನೊಂದು ಉಪಚಾರ ಇದೆ. ಗಾಳಿ ಎಳೆದುಕೊಳ್ಳುವ ದಾರಿಯಲ್ಲಿ ಸಿಲಿಂಡರಿಗೆ ಒಂದು ಟೀ ಚಮಚದಷ್ಟು ಎಂಜಿನ್ ಆಯಿಲ್ ಬಿಟ್ಟು, ಲಿವರ್ ಎತ್ತಿ ಕೆಲವು ಸುತ್ತು ತಿರುಗಿಸಿ. ಎಣ್ಣೆ ರಿಂಗಿನ ಸಂದಿ ಮುಚ್ಚುತ್ತದೆ, ಒತ್ತಡ ನಿಲ್ಲುತ್ತದೆ. ಒಂದು ಚಮಚ ಅಂದರೆ ಒಂದೇ. ಜಾಸ್ತಿ ಹಾಕಿದರೆ ಎಂಜಿನ್ ಆ ಎಣ್ಣೆಯನ್ನೇ ಉರಿಸಿಕೊಂಡು ಹಿಡಿತ ತಪ್ಪಿ ಓಡಬಹುದು. ರಿಂಗ್ ತೀರಾ ಸವೆದಿದ್ದರೆ, ಕುದಿಯುವ ನೀರಲ್ಲಿ ಅದ್ದಿದ ಗೋಣಿಚೀಲವನ್ನು ಗಾಳಿ ಪೈಪಿಗೂ ಹೆಡ್ಡಿಗೂ ಹತ್ತು ನಿಮಿಷ ಸುತ್ತಿಡಿ. ಕೆಲವರು ಗಾಳಿ ಬಾಯಿಗೆ ಸೂಡಿ (ಒಣ ಗರಿಯ ಪಂಜು) ಹಿಡಿಯುತ್ತಾರೆ. ಅದರಿಂದ ಎಂಜಿನ್ ಏಳುತ್ತದೆ ನಿಜ. ಆದರೆ ಬಲೆ, ಡೀಸೆಲ್ ಎರಡೂ ಇರುವ ಬೋಟಿನಲ್ಲಿ ಬೆಂಕಿ ಬೇಡ.

ಇನ್ನು ಹ್ಯಾಂಡಲ್ ಹಿಡಿಯೋದು. 1974ರಲ್ಲಿ ವರ್ಕ್‌ಶಾಪ್ ಸೇರಿದ ಮೊದಲ ವಾರ ನಮ್ಮ ಹಿರಿಯ ಮೇಸ್ತ್ರಿ ನನ್ನ ಕೈಯನ್ನು ಹ್ಯಾಂಡಲ್ ಮೇಲಿಟ್ಟು ಹೇಳಿದ್ದು: "ಮಾಣಿ, ಹೆಬ್ಬೆರಳು ಆಚೆ ಹೋಗಬಾರದು, ಐದೂ ಬೆರಳು ಒಂದೇ ಬದಿಗೆ." ಮುಷ್ಟಿ ಕಟ್ಟಿದ ಹಾಗೆ ಹೆಬ್ಬೆರಳನ್ನು ಸುತ್ತಿ ಹಿಡಿದರೆ, ಎಂಜಿನ್ ಹಿಂದಕ್ಕೆ ಒದ್ದಾಗ ಬೆರಳೋ ಮಣಿಕಟ್ಟೋ ಮುರಿಯುತ್ತದೆ. ಐದೂ ಬೆರಳು ಒಂದೇ ಬದಿಗಿದ್ದರೆ ಹ್ಯಾಂಡಲ್ ಕೈಯಿಂದ ಕಿತ್ತುಕೊಂಡು ಹೋಗುತ್ತದೆ, ಅಷ್ಟೇ. ಅವರ ಬಲಗೈ ಮಣಿಕಟ್ಟು ಸೊಟ್ಟಗಿತ್ತು. ಹೇಗಾಯಿತು ಅಂತ ನಾನು ಕೇಳಲಿಲ್ಲ, ಕೇಳುವ ಅಗತ್ಯವೂ ಇರಲಿಲ್ಲ. ಬಲವನ್ನು ಮೇಲಕ್ಕೆ ಎಳೆಯುವಾಗ ಹಾಕಿ, ಕೆಳಕ್ಕೆ ಒತ್ತುವಾಗ ಬೇಡ. ಕಾಲ ಕೆಳಗೆ ಎಣ್ಣೆ, ನೀರು ಇರಬಾರದು. ತೋಳು ಅಗಲದ ಅಂಗಿ, ಹೆಗಲ ಮೇಲೆ ಟವೆಲ್ ಬೇಡ.

ಡೀಸೆಲ್ ಪೂರ್ತಿ ತೆರೆಯಿರಿ. ಎರಡೂ ಲಿವರ್ ಎತ್ತಿ, ಹತ್ತು ಹನ್ನೆರಡು ಸುತ್ತು ವೇಗ ಹೆಚ್ಚಿಸುತ್ತಾ ಹೋಗಿ. ಫ್ಲೈವೀಲ್ (ಎಂಜಿನ್ನಿನ ಭಾರದ ಚಕ್ರ) ತನ್ನ ತೂಕಕ್ಕೆ ತಾನೇ ಓಡುತ್ತಿದೆ ಅನ್ನಿಸಿದಾಗ, ಪಕ್ಕದಲ್ಲಿ ನಿಂತವರು ಒಂದೇ ಒಂದು ಲಿವರ್ ಬಿಡಬೇಕು. ಆ ಸಿಲಿಂಡರ್ ಹೊಡೆದುಕೊಂಡ ಮೇಲೆ ಎರಡನೆಯದು. ಎರಡನ್ನೂ ಒಟ್ಟಿಗೆ ಬಿಟ್ಟರೆ ಫ್ಲೈವೀಲ್ ನಿಂತೇಬಿಡುತ್ತದೆ. ಲಿವರ್ ಬಿದ್ದ ಕ್ಷಣ ಕೈ ನಿಧಾನ ಮಾಡಬೇಡಿ. ಹೊಸಬರು ಎಲ್ಲರೂ ಆಗಲೇ ಹೆದರಿ ಬಿಟ್ಟುಬಿಡುತ್ತಾರೆ. ಎಂಜಿನ್ ಹತ್ತಿದ ಕೂಡಲೇ ಹ್ಯಾಂಡಲ್ ತಾನೇ ಹಲ್ಲಿನಿಂದ ಕಳಚಿಕೊಳ್ಳುತ್ತದೆ, ನೇರ ಹೊರಗೆ ಎಳೆದುಕೊಳ್ಳಿ. ಅದಕ್ಕೆ ಆ ಹಲ್ಲಿನ ಜಾಗ ಸವೆದಿರಬಾರದು, ಗ್ರೀಸ್ ಇರಬೇಕು. ಬೋಟ್ ಕಟ್ಟಿರುವಾಗಲೇ ಇದನ್ನು ನೋಡಿಕೊಳ್ಳಿ.

ಇನ್ನೆರಡು ಸಂಗತಿ. ಗಾಳಿ ಎಳೆದುಕೊಳ್ಳುವ ಬಾಯಿಂದ ಹೊಗೆ ಬರುತ್ತಿದ್ದರೆ ಎಂಜಿನ್ ಉಲ್ಟಾ ತಿರುಗುತ್ತಿದೆ ಅಂತ ಅರ್ಥ. ಆಗ ಆಯಿಲ್ ಪಂಪ್ ಎಣ್ಣೆ ಕೊಡುವುದಿಲ್ಲ, ತಕ್ಷಣ ಡೀಸೆಲ್ ಬಂದ್ ಮಾಡಿ. ಹಾಗೇ ನಿಮ್ಮ ಹೊಗೆ ಪೈಪಿಗೆ ಸಮುದ್ರದ ನೀರು ಬಿಡುವ ವ್ಯವಸ್ಥೆ ಇದ್ದರೆ, ಎಂಜಿನ್ ಹತ್ತುವ ತನಕ ನೀರಿನ ವಾಲ್ವ್ ಮುಚ್ಚಿಡಿ. ಸ್ಟಾರ್ಟ್ ಆಗದೆ ಮತ್ತೆ ಮತ್ತೆ ತಿರುಗಿಸಿದರೆ ಪಂಪು ಸೈಲೆನ್ಸರ್ ತುಂಬಿಸಿ, ನೀರು ಹಿಂದಕ್ಕೆ ಸಿಲಿಂಡರಿಗೆ ಬರುತ್ತದೆ. ಎಂಜಿನ್ ಹತ್ತಿದ ಕೂಡಲೇ ವಾಲ್ವ್ ತೆರೆಯಲು ಒಬ್ಬರನ್ನು ನಿಲ್ಲಿಸಿ.

ನಿಮ್ಮ ಎಂಜಿನ್ ಎದ್ದ ದಿನ ನನಗೊಂದು ಕಾರ್ಡ್ ಹಾಕಿ.

ಪ್ರಶ್ನೆ: ಹ್ಯಾಂಡಲ್ ಯಾಕೆ, ಗಾಳಿ ಬಾಯಿಗೆ ಸ್ಟಾರ್ಟಿಂಗ್ ಸ್ಪ್ರೇ ಹೊಡೆದರೆ ಸಾಕಲ್ವಾ? — ಮಂಗಳೂರಿನ ಓದುಗರು

ಉತ್ತರ: ಆ ಡಬ್ಬಿಯಲ್ಲಿರುವುದು ಈಥರ್. ಅದು ಡೀಸೆಲ್‌ಗಿಂತ ಕಡಿಮೆ ಬಿಸಿಗೇ ಹೊತ್ತಿಕೊಳ್ಳುತ್ತದೆ. ಪಿಸ್ಟನ್ ಇನ್ನೂ ಮೇಲೆ ಬರುವ ದಾರಿಯಲ್ಲೇ ಸಿಡಿಯುತ್ತದೆ. ರಿಂಗ್ ತುಂಡಾಗುತ್ತದೆ, ಪಿಸ್ಟನ್ನಿನಲ್ಲಿ ರಿಂಗ್ ಕೂರುವ ತೋಡಿನ ಅಂಚು ಒಡೆಯುತ್ತದೆ. ಹ್ಯಾಂಡಲ್ ಕೈಯಲ್ಲಿದ್ದಾಗ ಯಾರಾದರೂ ಸ್ಪ್ರೇ ಹೊಡೆದರೆ ಹಿಂದಕ್ಕೆ ಒದೆತ ಗ್ಯಾರಂಟಿ. ಗ್ಲೋ ಪ್ಲಗ್ (ಸಿಲಿಂಡರ್ ಒಳಗೆ ಕರೆಂಟಿನಿಂದ ಕಾಯುವ ಕಡ್ಡಿ) ಅಥವಾ ಗಾಳಿ ಬಿಸಿ ಮಾಡುವ ಹೀಟರ್ ಇರುವ ಎಂಜಿನ್‌ಗೆ ಅಂತೂ ಕೂಡದೇ ಕೂಡದು, ಗಾಳಿ ಪೈಪಿನಲ್ಲೇ ಸ್ಫೋಟವಾಗುತ್ತದೆ. ಈಥರ್ ಆವಿ ಗಾಳಿಗಿಂತ ಭಾರ, ಬೋಟಿನ ತಳದಲ್ಲಿ ಕೂತುಕೊಳ್ಳುತ್ತದೆ. ನನ್ನ ಕೈಯಾರೆ ಒಂದೂ ಎಂಜಿನ್‌ಗೆ ಹೊಡೆದಿಲ್ಲ. ನೀವೂ ಹೊಡೆಯಬೇಡಿ.

ಪ್ರಶ್ನೆ: ಬೋಟಿನ ಸುದ್ದಿ ನಮಗೆ ದೂರ. ಆದರೆ ತೋಟದಲ್ಲಿ ಅಜ್ಜನ ಕಾಲದ ದೊಡ್ಡ ಫ್ಲೈವೀಲಿನ ಲಿಸ್ಟರ್ ಮಾದರಿ ಪಂಪ್ ಎಂಜಿನ್ ಇದೆ. ಡಿಸೆಂಬರ್ ಬೆಳಗ್ಗೆ ಮಾತ್ರ ಹಟ ಮಾಡುತ್ತದೆ. — ಹಾವೇರಿ ಜಿಲ್ಲೆಯ ಓದುಗರು

ಉತ್ತರ: ದೂರ ಏನಿಲ್ಲ. ಇಂಗ್ಲೆಂಡಿನ ಲಿಸ್ಟರ್ ಕಂಪನಿ 1930ರ ಆಸುಪಾಸಿನಲ್ಲಿ ತಂದ ಎಂಜಿನ್ ಅದು, ನಮ್ಮ ರಾಜ್‌ಕೋಟ್‌ನಲ್ಲಿ ಅದೇ ನಮೂನೆಯವು ತುಂಬಾ ತಯಾರಾದವು. ನಿಮಿಷಕ್ಕೆ 650 ಸುತ್ತಿನ ನಿಧಾನದ ಎಂಜಿನ್. ಇಂಥವು ದೋಣಿಯಲ್ಲೂ ಓಡಿವೆ, ಹೊಲದಲ್ಲೂ ಓಡಿವೆ. ಮೇಲೆ ಹೇಳಿದ ಕ್ರಮವೇ ನಿಮಗೂ. ನಿಮಗೊಂದು ಅನುಕೂಲ ಜಾಸ್ತಿ ಇದೆ: ಸಿಲಿಂಡರ್ ಸುತ್ತ ನೀರು ಇರುವ ಜಾಗವನ್ನು ರಾತ್ರಿ ಬಸಿದು, ಬೆಳಗ್ಗೆ ಸ್ನಾನದ ಹಂಡೆಯ ಬಿಸಿನೀರು ತುಂಬಿ. ಕುದಿಯುವ ನೀರು ಒಮ್ಮೆಲೇ ಬೇಡ, ಮೊದಲು ಉಗುರುಬೆಚ್ಚಗೆ, ಆಮೇಲೆ ಬಿಸಿ. ತಣ್ಣನೆಯ ಬೀಡು ಕಬ್ಬಿಣ ಬಿರುಕು ಬಿಡುತ್ತದೆ. ಐದು ನಿಮಿಷ ಬಿಟ್ಟು ಹ್ಯಾಂಡಲ್ ಹೊಡೆಯಿರಿ. ಹೆಬ್ಬೆರಳಿನ ಮಾತು ನಿಮಗೂ ಅನ್ವಯ.

ಪ್ರಶ್ನೆ: ನಮ್ಮ ಅಜ್ಜ ಮುಂಬೈ ಬಂದರಿನಲ್ಲಿ ಲಾಂಚ್ ಮೇಲೆ ಕೆಲಸಕ್ಕಿದ್ದರು. ಎಂಜಿನ್ ತಲೆಗೆ ಬ್ಲೋ ಲ್ಯಾಂಪ್ ಹಿಡಿದು ಕೆಂಪಗೆ ಕಾಯಿಸಿ ಸ್ಟಾರ್ಟ್ ಮಾಡುತ್ತಿದ್ದೆವು ಅನ್ನುತ್ತಿದ್ದರು. ನಿಜವೇ? — ಕುಂದಾಪುರದ ಓದುಗರು

ಉತ್ತರ: ನಿಜ, ಅಕ್ಷರಶಃ ನಿಜ. ಅದನ್ನು ಹಾಟ್ ಬಲ್ಬ್ ಎಂಜಿನ್ ಅನ್ನುತ್ತಾರೆ, ಕೆಲವರು ಸೆಮಿ ಡೀಸೆಲ್ ಅನ್ನುತ್ತಾರೆ. ಹರ್ಬರ್ಟ್ ಅಕ್ರಾಯ್ಡ್ ಸ್ಟುವರ್ಟ್ ಅನ್ನುವ ಇಂಗ್ಲಿಷ್ ಎಂಜಿನಿಯರ್ 1890ರಲ್ಲಿ ಇದರ ಪೇಟೆಂಟ್ ಪಡೆದರು. ಎರಡು ವರ್ಷದಲ್ಲೇ ಹಾರ್ನ್ಸ್‌ಬಿ ಕಾರ್ಖಾನೆ ತಯಾರಿಸಿ ಮಾರತೊಡಗಿತು. ಸ್ವೀಡನ್ನಿನ ಬೋಲಿಂಡರ್ ಎಂಜಿನ್‌ಗಳು ದೋಣಿಗಳಲ್ಲಿ ಬಹಳ ಹೆಸರು ಮಾಡಿದವು.

ಅದರಲ್ಲಿ ಗಾಳಿಯನ್ನು ಅಷ್ಟು ಬಲವಾಗಿ ಅದುಮುವುದಿಲ್ಲ. ಬದಲಿಗೆ ಸಿಲಿಂಡರ್ ತಲೆಯಲ್ಲಿ ಬೀಡು ಕಬ್ಬಿಣದ ಟೊಳ್ಳು ಗುಂಡು ಇರುತ್ತದೆ. ಅದಕ್ಕೆ ಸೀಮೆಎಣ್ಣೆಯ ಬ್ಲೋ ಲ್ಯಾಂಪ್ ಹಚ್ಚಿ ಹತ್ತು ಹದಿನೈದು ನಿಮಿಷ ಕಾಯಿಸಬೇಕು. ಗುಂಡು ಮಬ್ಬು ಕೆಂಪಾದಾಗ ಎಣ್ಣೆ ಚಿಮ್ಮಿಸಿ ಫ್ಲೈವೀಲನ್ನು ಆಡಿಸಬೇಕು. ಪೂರ್ತಿ ಸುತ್ತಿಸೋದಲ್ಲ. ಫ್ಲೈವೀಲಿನ ಅಂಚಿನಲ್ಲಿ ಒಂದು ಗೂಟ ಇರುತ್ತದೆ, ಅದನ್ನು ಹಿಡಿದು ತೊಟ್ಟಿಲು ತೂಗಿದ ಹಾಗೆ ಆಚೆ ಈಚೆ ಆಡಿಸಿ, ಕೊನೆಗೆ ಗಾಳಿಯ ಒತ್ತಡಕ್ಕೆ ಎದುರಾಗಿ ಜೋರಾಗಿ ತಳ್ಳಿ ಬಿಡೋದು. ಅದು ಸಿಡಿದು ವಾಪಸ್ ಎಸೆಯುತ್ತದೆ, ಓಡತೊಡಗುತ್ತದೆ. ಓಡತೊಡಗಿದ ಮೇಲೆ ಗುಂಡು ತನ್ನ ಬಿಸಿಯನ್ನು ತಾನೇ ಕಾಪಾಡಿಕೊಳ್ಳುತ್ತದೆ, ಲ್ಯಾಂಪ್ ಆರಿಸಬಹುದು. ಒಂದು ವೈರ್ ಇಲ್ಲ, ಒಂದು ಬ್ಯಾಟರಿ ಇಲ್ಲ.

ನಾನು ಹುಡುಗನಾಗಿದ್ದಾಗ ನಮ್ಮೂರಿನ ಅಕ್ಕಿ ಗಿರಣಿಯಲ್ಲಿ ಇಂಥದೊಂದು ಇತ್ತು. ಬೆಳಗಿನ ಜಾವ ಬ್ಲೋ ಲ್ಯಾಂಪಿನ ಭರ್ರ್ ಸದ್ದು ಕೇಳಿದರೆ ಅಮ್ಮ ಭತ್ತದ ಮೂಟೆ ಹೊರಿಸಿ ಕಳಿಸುತ್ತಿದ್ದಳು. ಗುಂಡಿನ ಬಣ್ಣ ನೋಡಿ ಹೊತ್ತು ಹೇಳುವ ಆ ಗಿರಣಿಯವರ ಕಣ್ಣು ನನಗೆ ಈಗಲೂ ನೆನಪಿದೆ. ನಿಮ್ಮ ಅಜ್ಜನದೂ ಅಂಥ ಕಣ್ಣೇ ಇದ್ದಿರಬೇಕು.

ಪ್ರಶ್ನೆ: ಗೋವಾದಲ್ಲಿ ಅದಿರು ಬಾರ್ಜಿನ ಮೇಲೆ ಕೆಲಸಕ್ಕಿದ್ದೇನೆ. ನಮ್ಮ ಎಂಜಿನ್ ಗಾಳಿಯ ಬಾಟ್ಲಿಯಿಂದ, ಅಂದರೆ ಒತ್ತಡದ ಗಾಳಿ ತುಂಬಿದ ಟ್ಯಾಂಕಿನಿಂದ, ಸ್ಟಾರ್ಟ್ ಆಗುವಂಥದ್ದು. ಒಮ್ಮೆ ಬಾಟ್ಲಿ ಖಾಲಿಯಾದಾಗ ಒಬ್ಬರು, ವೆಲ್ಡಿಂಗಿನ ಆಕ್ಸಿಜನ್ ಸಿಲಿಂಡರ್ ಕೊಟ್ಟು ಎಬ್ಬಿಸೋಣ ಅಂದರು. ನಾವು ಮಾಡಲಿಲ್ಲ. ಮಾಡಬಹುದಿತ್ತೇ? — ವಾಸ್ಕೋದ ಓದುಗರು

ಉತ್ತರ: ಮಾಡದೆ ಉಳಿದಿರಿ, ಪುಣ್ಯ. ಸ್ಟಾರ್ಟಿಂಗ್ ಏರ್ ಲೈನಿನ ಒಳಗೆ ಕಂಪ್ರೆಸರಿನಿಂದ ಬಂದ ಎಣ್ಣೆಯ ಪಸೆ ಸದಾ ಇರುತ್ತದೆ. ಒತ್ತಡದ ಆಕ್ಸಿಜನ್‌ಗೆ ಎಣ್ಣೆ ತಾಗಿದರೆ ಕಿಡಿಯೂ ಬೇಕಿಲ್ಲ, ಪೈಪು ಬಾಂಬಿನ ಹಾಗೆ ಸಿಡಿಯುತ್ತದೆ. ಪಕ್ಕದಲ್ಲಿ ನಿಂತವರು ಉಳಿಯುವುದಿಲ್ಲ. ಈ ಉತ್ತರವನ್ನು ಕತ್ತರಿಸಿ ನಿಮ್ಮ ಎಂಜಿನ್ ರೂಮಿನ ಗೋಡೆಗೆ ಅಂಟಿಸಿ, ದಯವಿಟ್ಟು. ಪಕ್ಕದ ಬಾರ್ಜಿನ ಬಾಟ್ಲಿಯಿಂದ ಆ ಒತ್ತಡ ತಡೆಯುವ ಹೋಸ್ ಹಾಕಿ ಗಾಳಿ ತುಂಬಿಸಿಕೊಳ್ಳಿ, ಇಲ್ಲವೇ ಹ್ಯಾಂಡಲ್‌ನಿಂದ ಸ್ಟಾರ್ಟ್ ಆಗುವ ಚಿಕ್ಕ ಕಂಪ್ರೆಸರ್ ಇಟ್ಟುಕೊಳ್ಳಿ.

ಪ್ರಶ್ನೆ: ಮರೀನ್ ಎಂಜಿನಿಯರಿಂಗ್ ಓದುತ್ತಿದ್ದೇನೆ. ಓರಲ್ ಪರೀಕ್ಷೆಯಲ್ಲಿ 'ಡೆಡ್ ಶಿಪ್' ಬಗ್ಗೆ ಕೇಳುತ್ತಾರೆ. ಹಡಗಿನಲ್ಲಿ ಕರೆಂಟ್ ಇಲ್ಲ, ಗಾಳಿ ಇಲ್ಲ, ಏನೂ ಇಲ್ಲ, ಆಗ ದೊಡ್ಡ ಎಂಜಿನ್ ಹೇಗೆ ಎಬ್ಬಿಸುತ್ತೀರಿ ಅಂತ. ಪುಸ್ತಕದ ಉತ್ತರ ಗೊತ್ತು. ನೀವು ಕೈಯಾರೆ ಮಾಡಿದ್ದೀರಾ? — ಉಡುಪಿಯ ವಿದ್ಯಾರ್ಥಿನಿ

ಉತ್ತರ: ಒಂದೇ ಒಂದು ಸಲ ಮಾಡಿದ್ದೇನೆ ಮಗಳೇ. 1986ರ ಜನವರಿ, ಗಲ್ಫ್‌ನ ಒಂದು ಬಂದರಿನ ಹೊರಗೆ ಲಂಗರು ಹಾಕಿದ್ದೆವು. ನಾನು ಆಗ ಫೋರ್ತ್ ಎಂಜಿನಿಯರ್. ರಾತ್ರಿ ಎರಡರ ಹೊತ್ತಿಗೆ ಓಡುತ್ತಿದ್ದ ಜನರೇಟರ್ ನಿಂತಿತು. ಎಮರ್ಜೆನ್ಸಿ ಜನರೇಟರ್ ಏಳಲಿಲ್ಲ, ಅದರ ಬ್ಯಾಟರಿ ಸತ್ತಿತ್ತು. ಇನ್ನೊಂದು ಜನರೇಟರ್ ಎಬ್ಬಿಸೋಣ ಅಂತ ಹೋದರೆ ಗಾಳಿಯ ಬಾಟ್ಲಿಯ ಗೇಜ್ ಸೊನ್ನೆಯ ಹತ್ತಿರ. ನೀರು ಬಸಿಯುವ ವಾಲ್ವನ್ನು ಯಾರೋ ಪೂರ್ತಿ ಮುಚ್ಚಿರಲಿಲ್ಲ, ರಾತ್ರಿಯಿಡೀ ಗಾಳಿ ಸೋರಿತ್ತು.

ಆ ನಿಶ್ಶಬ್ದವನ್ನು ಹೇಗೆ ಹೇಳಲಿ? ಎಂಜಿನ್ ರೂಮ್ ಅಂದರೆ ಹಗಲೂ ರಾತ್ರಿ ಸದ್ದು. ಅಲ್ಲಿ ಒಬ್ಬರ ಉಸಿರು ಇನ್ನೊಬ್ಬರಿಗೆ ಕೇಳಿಸುತ್ತಿತ್ತು.

ದೊಡ್ಡ ಎಂಜಿನ್‌ಗಳು ಮೊದಲಿನಿಂದಲೂ ಗಾಳಿಯಿಂದಲೇ ಏಳುವಂಥವು. 1912ರಲ್ಲಿ ಡೆನ್ಮಾರ್ಕಿನಲ್ಲಿ ತಯಾರಾದ ಸೆಲಾಂಡಿಯಾ ಹಡಗಿನ ಡೀಸೆಲ್ ಎಂಜಿನ್‌ಗಳೂ ಹಾಗೆಯೇ. 30 ಬಾರ್ ಆಸುಪಾಸಿನ ಒತ್ತಡದ ಗಾಳಿಯನ್ನು ಸರದಿಯಂತೆ ಸಿಲಿಂಡರಿಗೆ ಬಿಟ್ಟು ಪಿಸ್ಟನ್ ತಳ್ಳಿಸೋದು. ಮುಂದಕ್ಕೂ ಹಿಂದಕ್ಕೂ ಓಡುವ ಮುಖ್ಯ ಎಂಜಿನ್‌ಗೆ, ಮತ್ತೆ ತುಂಬಿಸದೆ 12 ಸಲ ಸ್ಟಾರ್ಟ್ ಮಾಡುವಷ್ಟು ಗಾಳಿ ಇಟ್ಟಿರಬೇಕು ಅಂತ ನಿಯಮ. ಒಂದೇ ದಿಕ್ಕಿಗೆ ಓಡುವುದಾದರೆ 6 ಸಲ. ಆದರೆ ಬಾಟ್ಲಿಯೇ ಖಾಲಿಯಾದರೆ ನಿಯಮ ಏನು ಮಾಡೀತು?

ನಮ್ಮಲ್ಲಿ ಮೂಲೆಯಲ್ಲಿ ಒಂದು ಎಮರ್ಜೆನ್ಸಿ ಕಂಪ್ರೆಸರ್ ಇತ್ತು. ಒಂದೇ ಸಿಲಿಂಡರಿನ ಡೀಸೆಲ್ ಎಂಜಿನ್, ಹ್ಯಾಂಡಲ್‌ನದು. ಅದನ್ನು ಯಾವಾಗ ಓಡಿಸಿದ್ದರೋ, ಮೇಲೆ ಬಣ್ಣದ ಪದರ ಕೂತಿತ್ತು. ಲಿವರ್‌ಗೂ ಬಣ್ಣ ಅಂಟಿ ಅಲುಗುತ್ತಿರಲಿಲ್ಲ. ಟಾರ್ಚ್ ಬೆಳಕಲ್ಲಿ ಕೆರೆದು ಬಿಡಿಸಿದೆ. ಏರ್ ತೆಗೆದೆ, ಕಿರ್ರ್ ಸದ್ದು ಕೇಳಿದೆ, ಒಂದು ಚಮಚ ಎಣ್ಣೆ ಬಿಟ್ಟೆ. ಆ ರಾತ್ರಿ ಆ ಹಡಗಿನಲ್ಲಿ ಹ್ಯಾಂಡಲ್ ಹೊಡೆದು ಗೊತ್ತಿದ್ದವನು ನಾನೊಬ್ಬನೇ, ಗಂಗೊಳ್ಳಿಯ ಕಲಿಕೆ. ನಾನೂ ಆಯಿಲರ್ ಒಬ್ಬರೂ ಸರದಿಯಲ್ಲಿ ಹೊಡೆದೆವು. ಏಳನೆಯ ಸಲ ಬಿಳಿ ಹೊಗೆ ಬಂತು. ಒಂಬತ್ತನೆಯ ಸಲ ಹತ್ತಿತು.

ಆಮೇಲಿನದನ್ನು ಪರೀಕ್ಷೆಗೆ ಸರಿಯಾಗಿ ಹೇಳು. ಆ ಗಾಳಿಯನ್ನು ದೊಡ್ಡ ಬಾಟ್ಲಿಗೆ ಬಿಡಬಾರದು, ತುಂಬುವಷ್ಟರಲ್ಲಿ ಬೆಳಗಾಗುತ್ತದೆ. ಸಣ್ಣ ಬಾಟ್ಲಿಗೆ ಮಾತ್ರ, ಉಳಿದ ವಾಲ್ವ್ ಎಲ್ಲ ಬಂದ್. ಅದು ತುಂಬುವ ಹೊತ್ತಿಗೆ ಒಂದೇ ಒಂದು ಜನರೇಟರನ್ನು ತಯಾರು ಮಾಡು. ಹಡಗಿನಲ್ಲಿ ಉರಿಸುವ ಭಾರದ ಎಣ್ಣೆ ತಣ್ಣಗಾಗಿ ಪಾಕದ ಹಾಗೆ ಗಟ್ಟಿಯಾಗಿರುತ್ತದೆ, ಆದ್ದರಿಂದ ಎತ್ತರದ ಟ್ಯಾಂಕಿನಿಂದ ತಾನಾಗಿ ಇಳಿಯುವ ಡೀಸೆಲ್‌ಗೆ ಬದಲಿಸು. ಕೈ ಪಂಪಿನಿಂದ ಬೇರಿಂಗಿಗೆ ಎಣ್ಣೆ ಕೊಡು. ಇಂಡಿಕೇಟರ್ ಕಾಕ್ (ಸಿಲಿಂಡರ್ ತಲೆಯ ಚಿಕ್ಕ ನಲ್ಲಿ) ತೆರೆದು, ಕಬ್ಬಿಣದ ಸರಳು ಹಾಕಿ ಕೈಯಲ್ಲೇ ಎಂಜಿನ್ ತಿರುಗಿಸಿ, ನೀರು ಬರುತ್ತಿಲ್ಲ ಅಂತ ನೋಡು. ಎಲ್ಲ ಸರಿ ಅನ್ನಿಸಿದ ಮೇಲೆ ಒಂದೇ ಸಲ, ಗಾಳಿ ಚೆನ್ನಾಗಿ ತುಂಬಿದಾಗ ಬಿಡು. ಅವಸರಕ್ಕೆ ಅರೆ ಗಾಳಿಯಲ್ಲಿ ಮೂರು ಸಲ ಬಿಟ್ಟರೆ ಮೂರೂ ವ್ಯರ್ಥ, ಮತ್ತೆ ಒಂದು ಗಂಟೆ ಕಾಯಬೇಕು. ಒಂದು ಜನರೇಟರ್ ಎದ್ದರೆ ದೊಡ್ಡ ಕಂಪ್ರೆಸರ್ ಓಡುತ್ತದೆ, ಅಲ್ಲಿಂದ ಮುಂದೆ ಎಲ್ಲ ಸಲೀಸು. ನಮಗೆ ಬೆಳಕು ಬಂದದ್ದು ನಾಲ್ಕೂವರೆಗೆ.

ಈಗಿನ ಹಡಗಿನಲ್ಲಿ ಎಮರ್ಜೆನ್ಸಿ ಜನರೇಟರ್ 45 ಸೆಕೆಂಡಿನೊಳಗೆ ತಾನೇ ಎದ್ದು ಕರೆಂಟ್ ಕೊಡಬೇಕು. ಮೂರು ಸಲ ಸ್ಟಾರ್ಟ್ ಮಾಡುವಷ್ಟು ಶಕ್ತಿ ಒಂದು ಕಡೆ, 30 ನಿಮಿಷದೊಳಗೆ ಇನ್ನೂ ಮೂರು ಸಲಕ್ಕೆ ಆಗುವಷ್ಟು ಇನ್ನೊಂದು ಕಡೆ ಇರಬೇಕು. ಆ ಎರಡನೆಯದು ಹೆಚ್ಚಾಗಿ ಹೈಡ್ರಾಲಿಕ್. ಕೈ ಪಂಪಿನಿಂದ ಎಣ್ಣೆಯ ಒತ್ತಡ ಏರಿಸಿ ಲಿವರ್ ಎಳೆದರೆ ಎಂಜಿನ್ ಒಮ್ಮೆಲೇ ತಿರುಗುತ್ತದೆ. ಕೆಲವು ಕಡೆ ಸ್ಪ್ರಿಂಗ್ ಸ್ಟಾರ್ಟರ್ ಇರುತ್ತದೆ, ಗಡಿಯಾರಕ್ಕೆ ಕೀಲಿ ಕೊಟ್ಟ ಹಾಗೆ ಸುತ್ತಿ ಬಿಡೋದು. ಹಡಗು ಹತ್ತಿದ ಮೊದಲ ವಾರವೇ ಆ ಎರಡನೆಯ ದಾರಿಯಲ್ಲಿ ಎಂಜಿನ್ ಎಬ್ಬಿಸಿ ನೋಡು. ಸೀನಿಯರ್‌ಗಳಲ್ಲಿ ಅನುಮತಿ ಕೇಳು, ಕೊಡುತ್ತಾರೆ.

ಇದೇ ಮಾತು ಮಲ್ಪೆಯಿಂದ ಬರೆದ ಮೂವರು ಟ್ರಾಲ್ ಬೋಟಿನವರಿಗೂ. ನಿಮ್ಮ ಆರು ಸಿಲಿಂಡರಿನ ಎಂಜಿನ್‌ಗೆ ಡಿಕಂಪ್ರೆಷನ್ ಲಿವರ್ ಇಲ್ಲ, ಅದನ್ನು ಹ್ಯಾಂಡಲ್‌ನಿಂದ ಎಬ್ಬಿಸಲು ಆಗುವುದಿಲ್ಲ. ಸೆಲ್ಫ್ ಇರುವ ಜಾಗಕ್ಕೇ ಕೂರುವ ಸ್ಪ್ರಿಂಗ್ ಅಥವಾ ಹೈಡ್ರಾಲಿಕ್ ಸ್ಟಾರ್ಟರ್ ಸಿಗುತ್ತದೆ. ಅದು ದುಬಾರಿ ಅನ್ನಿಸಿದರೆ, ದೀಪಕ್ಕೂ ವೈರ್‌ಲೆಸ್‌ಗೂ ಜೋಡಿಸದ ಎರಡನೇ ಬ್ಯಾಟರಿ ಸೆಟ್ ಬೇರೆಯೇ ಇಡಿ. ಕಂಪ್ಯೂಟರ್ ಇರುವ ಹೊಸ ಎಂಜಿನ್ ಆದರೆ ಕರೆಂಟ್ ಇಲ್ಲದೆ ಡೀಸೆಲ್ಲೇ ಚಿಮ್ಮುವುದಿಲ್ಲ, ಹಾಗಾಗಿ ನಿಮಗೆ ಎರಡನೇ ಬ್ಯಾಟರಿ ಬಿಟ್ಟು ಬೇರೆ ದಾರಿ ಇಲ್ಲ.

ಪ್ರಶ್ನೆ: ನನ್ನ ಗಂಡ ಮತ್ತು ಮೈದುನ ಒಂದು ಸಿಲಿಂಡರಿನ ಎಂಜಿನ್ ಇರುವ ದೋಣಿಯಲ್ಲಿ ಹೋಗುತ್ತಾರೆ. ಹೋದ ತಿಂಗಳು ರಾತ್ರಿ ಬ್ಯಾಟರಿ ಹೋಗಿ, ಬೆಳಗಿನ ತನಕ ತೇಲಿದರು. ಬೇರೆ ಬೋಟಿನವರು ಎಳೆದು ತಂದರು. ಅವರಿಗೆ ಹೇಳಿದರೆ 'ಏನಾಗಲ್ಲ ಬಿಡು' ಅನ್ನುತ್ತಾರೆ. ನಾನು ಏನು ಮಾಡಬಹುದು? — ಉಪ್ಪುಂದದ ಓದುಗರು

ಉತ್ತರ: ತಂಗಿ, ಪತ್ರ ಎರಡು ಸಲ ಓದಿದೆ. ಇಂದೇ ಒಂದು ಪ್ರಶ್ನೆ ಕೇಳಿ: "ಎಂಜಿನ್ ಹ್ಯಾಂಡಲ್ ಎಲ್ಲಿದೆ?" ನನ್ನ ಅನುಭವದಲ್ಲಿ ಅದು ದೋಣಿಯಲ್ಲಿ ಇರುವುದಿಲ್ಲ. ಮನೆಯ ಮಂಚದ ಅಡಿಯಲ್ಲೋ, ಹಿತ್ತಿಲಲ್ಲೋ ಇರುತ್ತದೆ. ಅದು ಈವತ್ತೇ ದೋಣಿಗೆ ಹೋಗಲಿ.

ಎಂಜಿನ್ ನಿಂತರೆ ಮೊದಲು ಲಂಗರು, ಆಮೇಲೆ ಎಂಜಿನ್. ತೇಲುತ್ತಾ ರಿಪೇರಿ ಮಾಡಬಾರದು. ಲಂಗರು, ಸಾಕಷ್ಟು ಹಗ್ಗ, ಬೇರೆ ಚಾರ್ಜ್ ಇರುವ ಟಾರ್ಚ್, ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿದ ಫೋನ್ ಇರಲಿ. ಒಂದು ಮುಚ್ಚಳದ ಡಬ್ಬಿಯಲ್ಲಿ ಏರ್ ತೆಗೆಯುವ ತಿರುಪಿಗೆ ಸರಿಹೋಗುವ ಪಾನ, ತಾಮ್ರದ ವಾಷರ್ ನಾಲ್ಕು, ಒಂದು ಫಿಲ್ಟರ್, ಸಣ್ಣ ಸೀಸೆಯಲ್ಲಿ ಎಂಜಿನ್ ಆಯಿಲ್, ಹಳೇ ಬನಿಯನ್ ತುಂಡು ಹಾಕಿಕೊಡಿ. ಡಬ್ಬಿ ತುಂಬಿಸೋದು ನಿಮ್ಮ ಕೈಲಾಗುವ ಕೆಲಸ, ಅವರನ್ನು ಕಾಯಬೇಡಿ.

ಹಡಗಿನ ಲೈಫ್‌ಬೋಟ್ ಎಂಜಿನ್ ಸೊನ್ನೆಗಿಂತ 15 ಡಿಗ್ರಿ ಕೆಳಗಿನ ಚಳಿಯಲ್ಲೂ 2 ನಿಮಿಷದೊಳಗೆ ಏಳಬೇಕು ಅಂತ ಅಂತರರಾಷ್ಟ್ರೀಯ ನಿಯಮ ಇದೆ. ಅದಕ್ಕಾಗಿ ವಾರಕ್ಕೊಮ್ಮೆ ಕನಿಷ್ಠ 3 ನಿಮಿಷ ಓಡಿಸಲೇಬೇಕು. ನಾವು ಪ್ರತಿ ಶನಿವಾರ ಓಡಿಸುತ್ತಿದ್ದೆವು, ಒಂದು ವಾರವೂ ಬಿಡುತ್ತಿರಲಿಲ್ಲ. ನಿಮ್ಮ ಮನೆಯವರೂ ವಾರಕ್ಕೊಂದು ದಿನ, ದೋಣಿ ಕಟ್ಟಿರುವಾಗ, ಬ್ಯಾಟರಿ ಸ್ವಿಚ್ ಆಫ್ ಮಾಡಿ ಹ್ಯಾಂಡಲ್‌ನಿಂದಲೇ ಒಂದು ಸಲ ಸ್ಟಾರ್ಟ್ ಮಾಡಲಿ. ಆ ದಿನ ಏಳದಿದ್ದರೆ ಎಂಜಿನ್‌ನಲ್ಲಿ ಏನೋ ಆಗಿದೆ ಅಂತ ದಡದಲ್ಲೇ ಗೊತ್ತಾಗುತ್ತದೆ. ಬ್ಯಾಟರಿ ಜೋರಾಗಿದ್ದರೆ ಸವೆದ ರಿಂಗನ್ನೂ ಸೋರುವ ವಾಲ್ವನ್ನೂ ಮುಚ್ಚಿಟ್ಟುಬಿಡುತ್ತದೆ, ಕೈ ಮುಚ್ಚಿಡುವುದಿಲ್ಲ. ಮೈದುನನಿಗೂ ಕಲಿಸಲಿ. ಒಬ್ಬರ ಕೈಗೆ ಪೆಟ್ಟಾದರೆ ಇನ್ನೊಬ್ಬರು ಬೇಕಲ್ಲ.

ಹ್ಯಾಂಡಲ್ ತುದಿಗೆ ನೈಲಾನ್ ಹಗ್ಗ ಕಟ್ಟಿ ಎಂಜಿನ್ ಪಕ್ಕದ ಕೊಂಡಿಗೆ ಬಿಗಿಯಲು ಹೇಳಿ. ರಾತ್ರಿ ಕೈ ಜಾರಿ ನೀರಿಗೆ ಬಿದ್ದರೆ ಅದು ಸಿಗುವುದಿಲ್ಲ. ಆದರೆ ಎಂಜಿನ್‌ಗೆ ಹಾಕುವ ಮೊದಲು ಆ ಹಗ್ಗ ಬಿಚ್ಚಲೇಬೇಕು, ಇಲ್ಲದಿದ್ದರೆ ತಿರುಗುವಾಗ ಕೈಗೆ ಸುತ್ತಿಕೊಳ್ಳುತ್ತದೆ. ಇದನ್ನು ಇಬ್ಬರಿಗೂ ಬಾಯಿಪಾಠ ಮಾಡಿಸಿ.